ಊರಿಗೊಂದು ಹಳೇ ಲೇತ್ ಇರಲಿ

ಮಳೆ ನಂಬಿದ ರೈತನಿಗೆ ಬಿತ್ತನೆಯ ಹದ ಅಂತ ಸಿಗುವುದು ಎರಡು ದಿನ, ಹೆಚ್ಚೆಂದರೆ ಮೂರು ದಿನ. ಮಸಾರಿ ನೆಲವಾದರೆ ಅಷ್ಟೂ ಇಲ್ಲ. ಒಂದು ಬಿಸಿಲು ಬಿದ್ದರೆ ಸಾಕು, ಮೇಲ್ಮಣ್ಣು ಆರಿ ಹೋಗುತ್ತದೆ. ಆ ಎರಡು ದಿನದೊಳಗೆ ಕೂರಿಗೆಯ ಗಾಲಿ ಬುಷ್ ಸವೆದು ಕೂತರೆ, ಇಲ್ಲವೇ ಬೀಜ ಬೀಳಿಸುವ ಶಾಫ್ಟ್ ತಿರುಚಿಕೊಂಡರೆ ನಾವು ಏನು ಮಾಡುತ್ತೇವೆ? ಮುರಿದ ಸಾಮಾನು ಚೀಲದಲ್ಲಿ ಹಾಕಿಕೊಂಡು ಪೇಟೆಯ ಬಸ್ಸು ಹತ್ತುತ್ತೇವೆ. ಅಲ್ಲಿ ಲೇತ್ ಅಂಗಡಿಯವನ ಮುಂದೆ ನಮ್ಮಂಥವರೇ ಹತ್ತು ಮಂದಿ ಕೂತಿರುತ್ತಾರೆ. "ನಾಳೆ ಬಾ ಯಜಮಾನ" ಅನ್ನುತ್ತಾನೆ. ಅವನದೂ ತಪ್ಪಲ್ಲ, ಅವನಿಗೂ ಎರಡೇ ಕೈ. ಆದರೆ ನಮಗೆ ನಾಳೆ ಅನ್ನುವುದು ಇರುವುದಿಲ್ಲ. ನೂರೈವತ್ತು ರೂಪಾಯಿಯ ಬುಷ್ಷಿಗಾಗಿ ಒಂದು ಹಂಗಾಮೇ ಹಿಂದೆ ಬೀಳುತ್ತದೆ.

ಅದಕ್ಕೇ ನಾನು ಹೇಳುವುದು: ಐದಾರು ಹಳ್ಳಿಗೆ ಒಂದಾದರೂ ಲೇತ್ ಮಷಿನ್ ಇರಬೇಕು. ಹೊಸದೇ ಬೇಕಿಲ್ಲ. ಗುಜರಿಗೆ ಹೋಗುವ ಹಳೇ ಲೇತ್ ಸಾಕು. ಅದನ್ನು ಸರಿಮಾಡಿಕೊಳ್ಳುವ ಕೆಲಸ ನಮ್ಮ ಕೈಯಲ್ಲೇ ಆಗುತ್ತದೆ. ಬಾಯಿಮಾತಿಗೆ ಹೇಳುತ್ತಿಲ್ಲ. ನಾವು ನಾಲ್ಕು ಜನ ಸೇರಿ ಒಂದನ್ನು ತಂದು, ನಮ್ಮ ಮನೆ ಹಿಂದಿನ ದನದ ಕೊಟ್ಟಿಗೆಯ ಅರ್ಧಭಾಗದಲ್ಲಿ ನಿಲ್ಲಿಸಿ, ಎರಡು ಬೇಸಿಗೆ ಕೂತು ಸರಿಮಾಡಿಕೊಂಡಿದ್ದೇವೆ. ನಾನು ಜಗಳೂರು ಸೀಮೆಯವನು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಐದು ಎಕರೆ ಖುಷ್ಕಿ, ಶೇಂಗಾ, ಮೆಕ್ಕೆಜೋಳ, ಅಕ್ಕಡಿಗೆ ತೊಗರಿ. ನನ್ನಿಂದ ಆದದ್ದು ಬೇರೆಯವರಿಂದಲೂ ಆಗುತ್ತದೆ ಅಂತಲೇ ಬರೆಯುತ್ತಿದ್ದೇನೆ.

ಲೇತೂ ನೇಗಿಲೂ ಒಂದೇ ಮನೆಯವು

ಲೇತ್ ಅಂದರೆ ಫ್ಯಾಕ್ಟರಿಯವರ ಸಾಮಾನು, ರೈತನಿಗೆ ಯಾಕೆ ಅಂತ ಕೇಳುವವರಿದ್ದಾರೆ. ಅವರಿಗೆ ಒಂದು ಹಳೇ ಮಾತು ನೆನಪಿಸಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಅವರು 1903ರಲ್ಲಿ ಮಾಡಿದ್ದು ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ಆಗಿನ ರೈತರು ಮುಟ್ಟಲು ಹೆದರಿದ್ದರಂತೆ. 1910ರಲ್ಲಿ ಅವರ ಕಾರ್ಖಾನೆ ಈಗ ಮಹಾರಾಷ್ಟ್ರದಲ್ಲಿರುವ ಕಿರ್ಲೋಸ್ಕರವಾಡಿಗೆ ಹೋಯಿತು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ನಮ್ಮ ಹರಿಹರದಲ್ಲಿ ಶುರುವಾಗಿ ಲೇತ್ ಮಾಡಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಬಂತು. ಅದೂ ಮೊದಲು ಮಾಡಿದ್ದು ಲೇತನ್ನೇ, ಕೈಗಡಿಯಾರ ಆಮೇಲಿನ ಮಾತು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ಹುಟ್ಟಿದ ಮಷಿನುಗಳು ಇನ್ನೂ ಎಷ್ಟೋ ಕಡೆ ತಿರುಗುತ್ತಿವೆ. ಅಲ್ಲಿ ದುಡಿದ ಕೈಗಳೂ ಇನ್ನೂ ಇವೆ.

ಈಗ ಆಗುತ್ತಿರುವುದು ಏನು? ಪೇಟೆಯ ವರ್ಕ್‌ಶಾಪುಗಳು ಹೊಸ ಮಷಿನ್ ತರುತ್ತವೆ, ಹಳೆಯದನ್ನು ಗುಜರಿಗೆ ಹಾಕುತ್ತವೆ. ಕಾಲೇಜು, ಐ.ಟಿ.ಐ.ಗಳಲ್ಲಿ ಹಳೆಯದು ಮೂಲೆ ಸೇರಿ ಕಡೆಗೆ ಹರಾಜಿಗೆ ಬರುತ್ತದೆ. ಗುಜರಿಯವನು ಅದನ್ನು ಸುತ್ತಿಗೆಯಲ್ಲಿ ಒಡೆದು ಫೌಂಡ್ರಿಗೆ ಕಳಿಸುತ್ತಾನೆ. ಬೀಡು ಕಬ್ಬಿಣ ಅಲ್ಲವಾ, ಪೆಟ್ಟು ಬಿದ್ದರೆ ಗಡಿಗೆ ಒಡೆದ ಹಾಗೆ ಒಡೆಯುತ್ತದೆ. ಐವತ್ತು ವರ್ಷ ದುಡಿದ, ಇನ್ನೂ ಐವತ್ತು ವರ್ಷ ದುಡಿಯಬಲ್ಲ ಮಷಿನ್ ಕಿಲೋ ಲೆಕ್ಕದಲ್ಲಿ ಹೋಗುತ್ತದೆ. ಹಾಲು ಬತ್ತಿತು ಅಂತ ಎಳೇ ಎಮ್ಮೆಯನ್ನು ಕಟುಕರಿಗೆ ಕೊಟ್ಟ ಹಾಗೆ ಇದು.

ಕೊಳ್ಳುವ ಮೊದಲು ನೋಡಬೇಕಾದ್ದು

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ನಡಿಗೆ ನೋಡುತ್ತೇವೆ, ಸುಳಿ ನೋಡುತ್ತೇವೆ. ಲೇತಿಗೂ ಹಾಗೇ.

ಮೊದಲನೆಯದು ಬೆಡ್. ಸ್ಯಾಡಲ್ ಓಡಾಡುವ ಹಳಿ ಅದು. ಹಳ್ಳಿಯ ಗಾಡಿಜಾಡು ಊರಬಾಗಿಲಿನಲ್ಲೇ ಹೆಚ್ಚು ಆಳ ಇರುತ್ತದಲ್ಲ, ಹಾಗೆ ಲೇತಿನ ಬೆಡ್ ಚಕ್ಕಿನ ಹತ್ತಿರವೇ ಹೆಚ್ಚು ಸವೆದಿರುತ್ತದೆ. ಯಾಕೆಂದರೆ ಬಹಳ ಕೆಲಸ ಗಿಡ್ಡ ಸಾಮಾನಿನದು, ಅದೆಲ್ಲ ನಡೆಯುವುದು ಅಲ್ಲೇ. ಪರೀಕ್ಷೆ ಸುಲಭ. ಸ್ಯಾಡಲನ್ನು ಚಕ್ಕಿನ ಹತ್ತಿರ ತಂದು, ಅದನ್ನು ಬೆಡ್ಡಿಗೆ ಹಿಡಿದಿರುವ ಕೆಳಗಿನ ಪಟ್ಟಿಯನ್ನು ಅಲ್ಲಾಡದಷ್ಟು ಬಿಗಿ ಮಾಡಿ. ಆಮೇಲೆ ಕೈಚಕ್ರ ತಿರುಗಿಸಿ ಟೈಲ್ ಸ್ಟಾಕ್ ಕಡೆಗೆ ಒಯ್ಯಿರಿ. ಕೊನೆತನಕ ಸಲೀಸಾಗಿ ಹೋದರೆ ಸವೆತ ಕಡಿಮೆ. ಅರ್ಧದಲ್ಲೇ ಕಚ್ಚಿ ನಿಂತರೆ ಸವೆತ ಜಾಸ್ತಿ ಅಂತ ತಿಳಿಯಿರಿ.

ಎರಡನೆಯದು ಹೆಡ್ ಸ್ಟಾಕ್. ಚಕ್ಕಿನ ಕೆಳಗೆ ಒಂದು ಮರದ ತುಂಡು ಕೊಟ್ಟು ಮೇಲಕ್ಕೆ ಮೀಟಿ ನೋಡಿ. ಟಕ್ ಅಂತ ಆಡಿದರೆ ಬುಷ್ಷೋ ಬೇರಿಂಗೋ ಸವೆದಿದೆ. ಅದು ಮಾಡಿಸಬಹುದಾದ ಕೆಲಸ, ಹೆದರಬೇಕಾಗಿಲ್ಲ. ಬೆಲೆ ಇಳಿಸಿ ಕೇಳಲು ಒಳ್ಳೆಯ ಕಾರಣ, ಅಷ್ಟೇ.

ಮೂರನೆಯದು ಗಿಯರುಗಳು. ಹಲ್ಲು ಮುರಿದಿದೆಯೇ, ಮರೆ ಕೊಯ್ಯುವ ಚೇಂಜ್ ಗಿಯರುಗಳು ಪೂರ್ತಿ ಇವೆಯೇ ಎಣಿಸಿಕೊಳ್ಳಿ. ಗುಜರಿ ಅಂಗಡಿಯಲ್ಲಿ ಅವು ಬೇರೆ ಮೂಲೆಯಲ್ಲಿ ಬಿದ್ದಿರುತ್ತವೆ. ಅವತ್ತೇ ಹುಡುಕಿ ತರಬೇಕು. ಆಮೇಲೆ ಒಂದೊಂದು ಗಿಯರ್ ಮಾಡಿಸಲು ಹೋದರೆ ಮಷಿನಿಗಿಂತ ಅದೇ ದುಬಾರಿಯಾದೀತು.

ನಾಲ್ಕನೆಯದು ಬಿರುಕು. ಬೀಡು ಕಬ್ಬಿಣದ ಬೆಡ್ಡಿಗೋ ಹೆಡ್ ಸ್ಟಾಕಿಗೋ ಬಿರುಕು ಬಿಟ್ಟು ವೆಲ್ಡಿಂಗ್ ಮಾಡಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ. ದಪ್ಪಗೆ ಹೊಸ ಬಣ್ಣ ಬಳಿದಿದ್ದರೆ ಅದರ ಕೆಳಗೆ ಏನಿದೆ ಅಂತ ಕೆರೆದು ನೋಡಿ. ಇನ್ನು ಕ್ರಾಸ್ ಸ್ಲೈಡ್ ಕೈಚಕ್ರ ಕಾಲು ಸುತ್ತು ಸುಮ್ಮನೆ ತಿರುಗಿದರೆ ಚಿಂತೆಯಿಲ್ಲ. ಅದು ನಟ್ ಸವೆದದ್ದು, ಹೊಸ ನಟ್ ಹಾಕಿದರೆ ಮುಗಿಯಿತು.

ನಾವು ತಂದದ್ದು ನಾಲ್ಕೂವರೆ ಅಡಿ ಬೆಡ್ಡಿನದು. ಏಳು ಕ್ವಿಂಟಾಲಿನ ಮೇಲೆ ತೂಗಿತು. ಗುಜರಿ ದರದಲ್ಲೇ 26,000 ರೂಪಾಯಿಗೆ ಬಂತು. ಟ್ರ್ಯಾಕ್ಟರ್ ಟ್ರೈಲರಿನಿಂದ ಇಳಿಸುವಾಗ ಓಣಿಯವರು ಬಂದು "ಏನ್ ಕಾಕಾ, ಗುಜರಿ ಅಂಗಡಿ ಇಡ್ತೀಯಾ?" ಅಂತ ನಕ್ಕರು. ನಗಲಿ ಬಿಡಿ. ಈಗ ಅವರೇ ಮುರಿದ ಸಾಮಾನು ಹಿಡಿದು ಬರುತ್ತಾರೆ.

ತೊಳೆಯುವುದೇ ಅರ್ಧ ಕೆಲಸ

ಮನೆಗೆ ತಂದ ಕೂಡಲೇ ಗ್ರೈಂಡರ್ ಹಿಡಿದು ತುಕ್ಕು ಉಜ್ಜಲು ಹೋಗಬಾರದು. ಎಮರಿ ಪುಡಿ ಬೀಡು ಕಬ್ಬಿಣದ ರಂಧ್ರಗಳಲ್ಲಿ ಕೂತುಬಿಡುತ್ತದೆ, ಮುಂದೆ ಅದೇ ಮರಳಿನ ಹಾಗೆ ಸ್ಯಾಡಲನ್ನು ತಿನ್ನುತ್ತದೆ. ಡೀಸೆಲ್, ಬ್ರಷ್ಷು, ಹಳೇ ಬನಿಯನ್ ಬಟ್ಟೆ, ಗಟ್ಟಿಯಾದ ಮಡ್ಡಿ ಕೆರೆಯಲು ಪ್ಲಾಸ್ಟಿಕ್ ತುಂಡು, ಇಷ್ಟು ಸಾಕು. ಬಿಚ್ಚಿದ ಪ್ರತಿ ಸಾಮಾನಿಗೂ ಒಂದು ಚೀಟಿ ಕಟ್ಟಿ, ಯಾವುದರ ಪಕ್ಕ ಯಾವುದಿತ್ತು ಅಂತ ಬರೆದಿಡಿ. ನಮ್ಮ ಪಾಲುದಾರರೊಬ್ಬರ ಮಗ ಫೋನಿನಲ್ಲಿ ಫೋಟೋ ತೆಗೆದಿಟ್ಟ. ಅದೂ ಒಳ್ಳೆಯದೇ.

ಸಣ್ಣ ಸಾಮಾನುಗಳ ತುಕ್ಕಿಗೆ ಒಂದು ಸುಲಭ ಉಪಾಯ ಇದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡ. ಬ್ಯಾಟರಿ ಚಾರ್ಜರಿನ ಮೈನಸ್ ತಂತಿ ತುಕ್ಕು ಹಿಡಿದ ಸಾಮಾನಿಗೆ, ಪ್ಲಸ್ ತಂತಿ ಒಂದು ಹಾಳು ಕಬ್ಬಿಣದ ತಗಡಿಗೆ. ಎರಡೂ ಒಂದಕ್ಕೊಂದು ತಾಗದಂತೆ ನೀರಿಗೆ ಇಳಿಬಿಡಬೇಕು. ರಾತ್ರಿ ಕಳೆದು ಬೆಳಗಾದರೆ ತುಕ್ಕು ಸಡಿಲವಾಗಿ ಬ್ರಷ್ಷಿಗೆ ಬರುತ್ತದೆ. ಕಬ್ಬಿಣ ಮಾತ್ರ ಚೂರೂ ಕಡಿಮೆಯಾಗುವುದಿಲ್ಲ. ಎರಡು ಎಚ್ಚರಿಕೆ: ತಗಡಿನ ಜಾಗಕ್ಕೆ ಸ್ಟೀಲ್ ಪಾತ್ರೆಯ ತುಂಡು ಹಾಕಬಾರದು, ನೀರು ವಿಷವಾಗುತ್ತದೆ. ಮತ್ತೆ ಆ ನೀರಿನಿಂದ ಏಳುವ ಗುಳ್ಳೆ ಹೊತ್ತಿಕೊಳ್ಳುವಂಥ ಗ್ಯಾಸು. ಬಯಲಿನಲ್ಲೇ ಮಾಡಿ, ಹತ್ತಿರ ಬೀಡಿ ಸೇದಬೇಡಿ.

ಸವೆದ ಬೆಡ್ಡಿಗೆ ಹೆದರಬೇಡಿ

ಹಳೇ ಲೇತ್ ಅಂದ ಕೂಡಲೇ ತಿಳಿದವರು ಹೇಳುವ ಮೊದಲ ಮಾತು: "ಬೆಡ್ ಗ್ರೈಂಡಿಂಗ್ ಮಾಡಿಸಬೇಕು." ಇದನ್ನು ಕೇಳಿಯೇ ಎಷ್ಟೋ ಜನ ಕೈಬಿಡುತ್ತಾರೆ. ಹರಿಹರದ ಕಾರ್ಖಾನೆಯಲ್ಲಿ ದುಡಿದು ಮನೆಯಲ್ಲಿರುವ ಹಿರಿಯರೊಬ್ಬರು ನಮಗೆ ಇದರ ಗುಟ್ಟು ಬಿಡಿಸಿ ಹೇಳಿದರು.

ಐವತ್ತು ಮಿಲಿಮೀಟರ್ ದಪ್ಪದ ಸರಳು ತಿರುಗುತ್ತಿದೆ ಅಂತ ಇಟ್ಟುಕೊಳ್ಳಿ. ಬೆಡ್ ಸವೆದು ಟೂಲು 0.1 ಮಿಲಿಮೀಟರ್ ಕೆಳಕ್ಕೆ ಇಳಿಯಿತು. ಸರಳಿನ ದಪ್ಪದಲ್ಲಿ ಬರುವ ವ್ಯತ್ಯಾಸ ಅಳತೆಗೇ ಸಿಗುವುದಿಲ್ಲ, ಮಿಲಿಮೀಟರಿನ ಸಾವಿರದ ಒಂದು ಪಾಲೂ ಇಲ್ಲ. ಆದರೆ ಅದೇ ಟೂಲು 0.1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಸರಳಿನ ದಪ್ಪದಲ್ಲಿ 0.2 ವ್ಯತ್ಯಾಸ. "ಕೆಳಕ್ಕಿಳಿದ್ರೆ ಲೆಕ್ಕಕ್ಕಿಲ್ಲ, ಪಕ್ಕಕ್ಕೆ ಸರಿದ್ರೆ ಎರಡು ಪಟ್ಟು. ಇಷ್ಟು ತಿಳ್ಕೋ ತಮ್ಮಾ" ಅಂದರು ಅವರು. ಹಾಗಾಗಿ ಚಪ್ಪಟೆ ಹಳಿಯ ಬೆಡ್ ಸ್ವಲ್ಪ ಸವೆದಿದ್ದರೆ ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ. ಮನೆಯ ಮಾಳಿಗೆಯ ಹಾಗೆ ಮೇಲೆ ಚೂಪಾದ ವಿ ಆಕಾರದ ಹಳಿಯಾದರೆ ಅದು ಸವೆದಾಗ ಟೂಲು ಪಕ್ಕಕ್ಕೂ ಸರಿಯುತ್ತದೆ, ಅಲ್ಲಿ ಹೆಚ್ಚು ನಿಗಾ ಬೇಕು.

ಗ್ರೈಂಡಿಂಗ್ ಮಾಡಿಸಿದರೂ ಅಲ್ಲಿಗೇ ಮುಗಿಯುವುದಿಲ್ಲ. ಬೆಡ್ ಅರ್ಧ ಮಿಲಿಮೀಟರ್ ಇಳಿದರೆ ಸ್ಯಾಡಲೂ ಅಷ್ಟು ಇಳಿಯುತ್ತದೆ. ಆಗ ಲೀಡ್ ಸ್ಕ್ರೂ, ರ್‍ಯಾಕ್ ಗಿಯರ್ ಎಲ್ಲವೂ ಜಾಗ ತಪ್ಪುತ್ತವೆ. ಸ್ಯಾಡಲಿನ ಅಡಿಗೆ ಪಟ್ಟಿ ಕೊಟ್ಟು ಮತ್ತೆ ಎತ್ತರಿಸಬೇಕು. ಅದಕ್ಕೇ ನನ್ನ ಅಭಿಪ್ರಾಯ, ಬೆಡ್ಡನ್ನು ಕಡೆಗೆ ಮುಟ್ಟಿ. ಮೊದಲು ಉಳಿದದ್ದೆಲ್ಲ ಸರಿಮಾಡಿ ಓಡಿಸಿ ನೋಡಿ. ನಮ್ಮದರಲ್ಲಿ ಬೆಡ್ ಇದ್ದ ಹಾಗೇ ಇದೆ. ಕ್ರಾಸ್ ಸ್ಲೈಡಿನ ಜಾರು ಮೈಯನ್ನಷ್ಟೇ ಕೈಯಲ್ಲಿ ಕೆರೆದು ಸಮ ಮಾಡಿದೆವು. ಒಂದು ಕಡೆ ನೀಲಿ ಸವರಿ, ಎರಡನ್ನೂ ಸೇರಿಸಿ ಎಳೆದರೆ ಉಬ್ಬಿದ ಕಡೆ ನೀಲಿ ಅಂಟುತ್ತದೆ. ಅಲ್ಲಷ್ಟೇ ಕೆರೆಯಬೇಕು. ಹಳೇ ಅರವನ್ನು ಸಾಣೆ ಹಿಡಿದರೆ ಅದೇ ಕೆರೆಯುವ ಉಳಿ. ರಾಗಿ ಹೊಲದಲ್ಲಿ ಕಳೆ ತೆಗೆಯುವಷ್ಟು ತಾಳ್ಮೆ ಇದ್ದವರಿಗೆ ಇದು ದೊಡ್ಡದಲ್ಲ. ನಮ್ಮ ಪಾಲುದಾರರ ಮನೆಯ ಹೆಣ್ಣುಮಗಳೊಬ್ಬಳು ನಮ್ಮೆಲ್ಲರಿಗಿಂತ ಚೊಕ್ಕವಾಗಿ ಕೆರೆದಳು.

ಹೆಡ್ ಸ್ಟಾಕಿನಲ್ಲಿ ಇದ್ದದ್ದು ಎರಡು ಹೋಳಿನ ಗನ್ ಮೆಟಲ್ ಬುಷ್. ಹೋಳುಗಳ ನಡುವೆ ತೆಳ್ಳನೆ ತಗಡಿನ ಪಟ್ಟಿಗಳಿರುತ್ತವೆ. ಎರಡೂ ಕಡೆ ಒಂದೊಂದು ಪಟ್ಟಿ ತೆಗೆದರೆ ಸಡಿಲ ಹೋಗುತ್ತದೆ. ಅರ್ಧ ತಾಸು ಖಾಲಿ ಓಡಿಸಿ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ. ಕ್ರಾಸ್ ಸ್ಲೈಡಿನ ನಟ್, ಲೀಡ್ ಸ್ಕ್ರೂ ಹಿಡಿಯುವ ಹಾಫ್ ನಟ್ ಎರಡನ್ನೂ ಗನ್ ಮೆಟಲಿನಲ್ಲಿ ಹೊಸದು ಮಾಡಿಸಿದೆವು.

ಇನ್ನು ನಿಲ್ಲಿಸುವ ವಿಷಯ. ಇದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಒಂದು ಕಾಲು ಗಿಡ್ಡ ಇರುವ ಮಂಚದ ಮೇಲೆ ಮಲಗಿದರೆ ಹೇಗೋ ಹಾಗೆ, ಕಾಲು ಸಮ ಕೂರದ ಲೇತಿನ ಬೆಡ್ ತಿರುಚಿಕೊಳ್ಳುತ್ತದೆ. ಅಷ್ಟು ದಪ್ಪ ಕಬ್ಬಿಣವೂ ತಿರುಚುತ್ತದೆ. ಆಗ ಸರಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಬರುತ್ತದೆ, ಬೈಗುಳ ಮಾತ್ರ ಹಳೇ ಮಷಿನಿಗೆ. ಗಟ್ಟಿ ಕಾಂಕ್ರೀಟ್ ಹಾಕಿ, ಬೋಲ್ಟ್ ಬಿಗಿದು, ಒಂದು ದಪ್ಪ ಸರಳನ್ನು ಚಕ್ಕಿಗೆ ಕಟ್ಟಿ. ಎರಡು ತುದಿಯಲ್ಲಿ ಎರಡು ಬಳೆಯ ಹಾಗೆ ದಪ್ಪ ಉಳಿಸಿ ನಡುವೆ ಸಣ್ಣ ಮಾಡಿ. ಆಮೇಲೆ ಟೂಲನ್ನು ಅಲ್ಲಾಡಿಸದೆ ಎರಡೂ ಬಳೆಯ ಮೇಲೆ ಒಂದೊಂದು ಹಗುರ ಕೊಯ್ತ ಕೊಟ್ಟು ಮೈಕ್ರೋಮೀಟರಿನಲ್ಲಿ ಅಳೆಯಿರಿ. ವ್ಯತ್ಯಾಸ ಬಂದರೆ ಟೈಲ್ ಸ್ಟಾಕ್ ಕಡೆಯ ಒಂದು ಕಾಲಿನ ಕೆಳಗೆ ತಗಡು ಕೊಟ್ಟು ಮತ್ತೆ ಕೊಯ್ದು ನೋಡಿ. ಎರಡು ಬಳೆ ಸಮ ಆಗುವ ತನಕ ಇದೇ ಕೆಲಸ. ನಮಗೆ ಮೂರು ದಿನ ಹಿಡಿಯಿತು.

ಕರೆಂಟು ಮತ್ತು ಕಾಸು

ಹಳೇ ಲೇತಿಗೆ ತ್ರೀ ಫೇಸ್ ಮೋಟಾರ್ ಇರುತ್ತದೆ. ಮನೆಗೆ ಇರುವುದು ಸಿಂಗಲ್ ಫೇಸ್. ಹೊಲದ ಲೈನಿನಲ್ಲಿ ತ್ರೀ ಫೇಸ್ ಬರುವುದು ಇಂತಿಷ್ಟೇ ತಾಸು, ಅದೂ ಪಂಪ್‌ಸೆಟ್ಟಿಗೆ ಅಂತ ಕೊಟ್ಟದ್ದು. ಅದರಲ್ಲಿ ಲೇತ್ ಓಡಿಸುವುದು ಸರಿಯಲ್ಲ. ನಾವು ಎರಡು ಎಚ್.ಪಿ. ಸಿಂಗಲ್ ಫೇಸ್ ಮೋಟಾರ್ ಹಾಕಿದೆವು. ಸಿಂಗಲ್ ಫೇಸಿನಿಂದ ತ್ರೀ ಫೇಸ್ ಮೋಟಾರ್ ಓಡಿಸುವ ವಿ.ಎಫ್.ಡಿ. ಅನ್ನುವ ಪೆಟ್ಟಿಗೆಯೂ ಸಿಗುತ್ತದೆ, ವೇಗ ಬೇಕಾದ ಹಾಗೆ ಇಳಿಸಿ ಏರಿಸಬಹುದು. ಆದರೆ ಅದಕ್ಕೆ ಮೋಟಾರಿನ ಒಳಗಿನ ತಂತಿ ಜೋಡಣೆ ಬದಲಿಸಬೇಕಾಗಬಹುದು. ತಿಳಿದ ವೈಂಡಿಂಗ್ ಮೇಸ್ತ್ರಿಯಿಂದಲೇ ಮಾಡಿಸಿ.

ಲೆಕ್ಕ ಮುಚ್ಚಿಡುವುದಿಲ್ಲ. ಮಷಿನ್ 26,000, ಸಾಗಣೆ 3,000, ಕಾಂಕ್ರೀಟು ಮತ್ತು ಬೋಲ್ಟು 4,000, ಗನ್ ಮೆಟಲ್ ಬುಷ್ ನಟ್ 4,500, ಮೋಟಾರ್, ಬೆಲ್ಟ್, ಸ್ವಿಚ್ 9,500, ಹೊಸ ಚಕ್ 7,000, ಅಳತೆ ಸಾಮಾನು 4,500. ಒಟ್ಟು 58,500 ರೂಪಾಯಿ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 14,625. ಒಂದು ಒಳ್ಳೇ ಮೇಕೆ ಜೋಡಿಯ ಬೆಲೆ. ನಮ್ಮ ಕೂಲಿ ಇದರಲ್ಲಿ ಸೇರಿಲ್ಲ. ಬೇಸಿಗೆಯಲ್ಲಿ ಖುಷ್ಕಿ ರೈತನ ಕೂಲಿಯನ್ನು ಯಾರು ಕೇಳುತ್ತಾರೆ? ಕಟ್ಟೆ ಮೇಲೆ ಕೂತು ಕಳೆಯುವ ಹೊತ್ತನ್ನು ಕೊಟ್ಟಿಗೆಯಲ್ಲಿ ಕಳೆದೆವು.

ಇದರಿಂದ ಸಾಹುಕಾರರಾಗುತ್ತೇವೆ ಅಂತ ಯಾರೂ ತಿಳಿಯಬೇಡಿ. ವರ್ಷಪೂರ್ತಿ ಗಿರಾಕಿ ಇರುವುದಿಲ್ಲ. ಮುಂಗಾರಿಗೆ ಮೊದಲು ಒಂದು ತಿಂಗಳು, ಕೊಯ್ಲಿನ ಹೊತ್ತಿಗೆ ಒಂದು ತಿಂಗಳು ಕೈತುಂಬ ಕೆಲಸ, ಉಳಿದಂತೆ ವಾರಕ್ಕೆ ಒಂದೆರಡು. ಕರೆಂಟು, ಎಣ್ಣೆ, ಟೂಲು ಕಳೆದರೆ ಉಳಿಯುವುದು ಕೂಲಿಯಷ್ಟೇ. ಲಾಭ ಇರುವುದು ಬೇರೆ ಕಡೆ. ತಪ್ಪದ ಹದದಲ್ಲಿ ಅದು ಇದೆ, ಪೇಟೆಗೆ ಹೋಗದೆ ಉಳಿದ ದಿನದಲ್ಲಿ ಅದು ಇದೆ. ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದು ಹೇಗೋ ನನಗೆ ಗೊತ್ತಿಲ್ಲ.

ಏನೇನು ಮಾಡಬಹುದು

ಗಾಡಿ ಗಾಲಿಯ ಬುಷ್, ಕೂರಿಗೆಯ ಶಾಫ್ಟ್, ಎಡೆಕುಂಟೆಯ ಗಾಲಿ ಅಚ್ಚು, ಟ್ರೈಲರಿನ ಪಿನ್ನು, ಮೇವು ಕತ್ತರಿಸುವ ಮಷಿನಿನ ಶಾಫ್ಟ್, ಮೆಕ್ಕೆಜೋಳ ಬಿಡಿಸುವ ಮಷಿನಿನ ಪುಲ್ಲಿ, ಔಷಧಿ ಸಿಂಪರಣೆ ಪಂಪಿನ ಪಿನ್ನು. ಇವಕ್ಕೆ ಕೂದಲೆಳೆಯಷ್ಟು ಅಳತೆ ಬೇಕಿಲ್ಲ, ಸವೆದ ಲೇತೇ ಧಾರಾಳ. ಬೇರಿಂಗ್ ಕೂರುವ ಜಾಗಕ್ಕೆ ಮಾತ್ರ ನಿಖರ ಬೇಕು. 6205 ನಂಬರ್ ಬೇರಿಂಗಿಗೆ 25 ಮಿಲಿಮೀಟರ್ ಅಂದರೆ 25ಕ್ಕೇ ಬರಬೇಕು. ಅದಕ್ಕೆ ಕಡೆಯ ಒಂದೆರಡು ನೂರಾಂಶವನ್ನು ಎಮರಿ ಹಾಳೆಯಲ್ಲಿ ತೆಗೆಯುತ್ತೇವೆ, ಬೆಡ್ಡಿನ ಮೇಲೆ ಬಟ್ಟೆ ಹೊದಿಸಿ.

ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಬೀಜದ ರೋಲರ್. ನವಣೆ, ಸಾವೆಯಂಥ ಸಣ್ಣ ಕಾಳಿಗೆ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಬರುವ ರೋಲರ್ ಹೊಂದುವುದಿಲ್ಲ, ಬೀಜ ಸುರಿದಂತೆ ಬೀಳುತ್ತದೆ. ನೈಲಾನ್ ಸರಳು ತಂದು ಅಳತೆಗೆ ಕೊಯ್ದು, ಸುತ್ತ ಸಣ್ಣ ಗುಳಿ ಕೊರೆದು ನಾವೇ ರೋಲರ್ ಮಾಡಿಕೊಂಡೆವು. ಗುಳಿ ದೊಡ್ಡದಾಯಿತು ಅನಿಸಿದರೆ ಸಂಜೆ ಇನ್ನೊಂದು ಮಾಡಿ ಮರುದಿನ ಹೊಲದಲ್ಲಿ ನೋಡಬಹುದು. ಪೇಟೆಯ ಅಂಗಡಿಯವನ ಹತ್ತಿರ "ಇನ್ನೊಂದು ಚೂರು ಸಣ್ಣ ಮಾಡು" ಅಂತ ನಾಲ್ಕು ಸಲ ಹೇಳಲು ಆಗುತ್ತದೆಯೇ? ರೈತನ ತಲೆಯಲ್ಲಿ ಹುಟ್ಟಿದ ಉಪಾಯ ರೈತನ ಊರಲ್ಲೇ ಸಾಮಾನಾಗಬೇಕಾದರೆ ಲೇತ್ ಹತ್ತಿರ ಇರಬೇಕು.

"ವೆಲ್ಡಿಂಗ್ ಅಂಗಡಿ ಇದೆಯಲ್ಲ" ಅನ್ನುತ್ತಾರೆ. ಇದೆ, ಇರಲಿ. ವೆಲ್ಡಿಂಗ್ ಸವೆದ ಕಡೆ ಕಬ್ಬಿಣ ತುಂಬುತ್ತದೆ, ದುಂಡಗೆ ಮಾಡುವುದಿಲ್ಲ. ತುಂಬಿದ್ದನ್ನು ದುಂಡಗೆ ಮಾಡಲು ಲೇತೇ ಬೇಕು. ಇವೆರಡೂ ಜೋಡೆತ್ತು. "ಹೊಸ ಸಣ್ಣ ಲೇತ್ ಸಿಗುತ್ತದಲ್ಲ, ಮೇಜಿನ ಮೇಲೆ ಇಡಬಹುದು" ಅನ್ನುವವರೂ ಇದ್ದಾರೆ. ನೋಡಲು ಚೆಂದ. ಆದರೆ ಹಗುರ ಮೈಯ ಮಷಿನ್ ಗಾಡಿ ಅಚ್ಚಿಗೆ ಟೂಲು ಕೊಟ್ಟರೆ ನಡುಗುತ್ತದೆ. ನಮ್ಮ ಕೆಲಸಕ್ಕೆ ಬೇಕಾದ್ದು ಭಾರ, ಹಳೇ ಮಷಿನಿನಲ್ಲಿ ಅದೇ ಅಗ್ಗ.

ಪಂಚೆ ಉಟ್ಟು ಮುಟ್ಟಬೇಡಿ

ಇದನ್ನು ಹೇಳದೆ ಹೋದರೆ ತಪ್ಪಾದೀತು. ತಿರುಗುವ ಚಕ್ಕಿಗೆ ಕರುಣೆ ಇಲ್ಲ. ಪಂಚೆ, ಲುಂಗಿ, ಹೆಗಲ ಟವೆಲು, ತುಂಬುತೋಳಿನ ಅಂಗಿ, ಕೈಯ ಕಡಗ, ಉಂಗುರ, ಕೈಗವಸು ಯಾವುದೂ ಬೇಡ. ಹೆಣ್ಣುಮಕ್ಕಳು ಮುಟ್ಟುವುದಾದರೆ ಸೆರಗು, ಜಡೆ ಬಿಗಿಯಾಗಿ ಕಟ್ಟಿರಬೇಕು. ಚಕ್ ಬಿಗಿಯುವ ಕೀಲಿಯಿಂದ ಕೈ ತೆಗೆಯುವ ಮೊದಲು ಕೀಲಿಯನ್ನೇ ಚಕ್ಕಿನಿಂದ ತೆಗೆಯಬೇಕು. ಅದು ಅಲ್ಲೇ ಉಳಿದು ಮಷಿನ್ ಶುರುವಾದರೆ ಗುಂಡಿನ ಹಾಗೆ ಹಾರುತ್ತದೆ. ಸುರುಳಿ ಸುರುಳಿ ಬರುವ ಕಬ್ಬಿಣದ ಚೂರನ್ನು ಕೈಯಲ್ಲಿ ಎಳೆಯಬಾರದು, ಕೊಕ್ಕೆ ಇಟ್ಟುಕೊಳ್ಳಿ. ಉದ್ದ ಸರಳು ಹೆಡ್ ಸ್ಟಾಕಿನ ಹಿಂದೆ ಚಾಚಿದ್ದರೆ ಅದು ಬಗ್ಗಿ ಬಾರುಕೋಲಿನಂತೆ ಬೀಸುತ್ತದೆ, ಆ ಕಡೆ ಯಾರೂ ನಿಲ್ಲಬಾರದು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೊಟ್ಟಿಗೆಗೆ ಬಾಗಿಲು, ಬಾಗಿಲಿಗೆ ಬೀಗ, ಮಕ್ಕಳು ಇರುವ ಮನೆ ಅಲ್ಲವೇ.

ಯಂತ್ರ ಕೊಡುವವರಿದ್ದಾರೆ, ಸರಿಮಾಡುವವರಿಲ್ಲ

ಹಿಂದೆ ನಮ್ಮೂರುಗಳಲ್ಲಿ ಆಯಗಾರರಿದ್ದರು. ಮುಂಗಾರಿಗೆ ಮೊದಲೇ ಬಡಗಿ, ಕಮ್ಮಾರ ಮನೆಮನೆಯ ಕೂರಿಗೆ, ಕುಂಟೆ, ಗಾಡಿ ನೋಡಿ ಸರಿಮಾಡಿಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಒಯ್ಯುತ್ತಿದ್ದರು. ಆ ಪದ್ಧತಿಯಲ್ಲಿ ಮೇಲು ಕೀಳು ಇತ್ತು, ಅದು ಹೋದದ್ದೇ ಒಳ್ಳೆಯದು. ಆದರೆ ಅದರ ಜೊತೆಗೆ ರಿಪೇರಿಯೂ ಊರು ಬಿಟ್ಟುಹೋಯಿತು. ಮರದ ಕೂರಿಗೆಯ ಜಾಗಕ್ಕೆ ಕಬ್ಬಿಣದ್ದು ಬಂತು, ಕುಲುಮೆಯ ಜಾಗಕ್ಕೆ ಏನೂ ಬರಲಿಲ್ಲ.

ಸರ್ಕಾರ ಸಬ್ಸಿಡಿಯಲ್ಲಿ ಯಂತ್ರ ಕೊಡುತ್ತದೆ. 2014-15ರಿಂದ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಬಂತು, ಬಾಡಿಗೆಗೆ ಯಂತ್ರ ಸಿಗುವಂತಾಯಿತು. ಒಳ್ಳೆಯದೇ. ಆದರೆ ಯಂತ್ರ ಮುರಿದರೆ? ಸಬ್ಸಿಡಿ ಸಿಗುವುದು ಹೊಸದು ಕೊಂಡಾಗ. ಹಳೆಯದನ್ನು ಉಳಿಸಿಕೊಂಡ ರೈತನ ಬೆನ್ನು ತಟ್ಟುವವರು ಯಾರೂ ಇಲ್ಲ. ನಾನು ಕೇಳುವುದು ಮೂರು.

ಒಂದು, ಬಾಡಿಗೆ ಯಂತ್ರ ಕೊಡುವ ಕಡೆ ಒಂದು ಲೇತ್, ಒಂದು ವೆಲ್ಡಿಂಗ್ ಸೆಟ್, ತಿಳಿದ ಒಬ್ಬ ಕೆಲಸಗಾರ ಇರಲಿ. ಎರಡು, ಸರ್ಕಾರಿ ಕಾಲೇಜು, ಐ.ಟಿ.ಐ. ವರ್ಕ್‌ಶಾಪುಗಳ ಹಳೇ ಲೇತುಗಳನ್ನು ಹರಾಜು ಹಾಕುವಾಗ ರೈತ ಸಂಘ, ರೈತ ಉತ್ಪಾದಕ ಸಂಸ್ಥೆಗಳಿಗೆ ಗುಜರಿ ದರದಲ್ಲಿ ಮೊದಲು ಕೇಳಲಿ. ಪುಕ್ಕಟೆ ಬೇಡ, ಒಡೆಯುವ ಮೊದಲು ನಮ್ಮನ್ನು ಕೇಳಿದರೆ ಸಾಕು. ಮೂರು, ನಮ್ಮ ಹುಡುಗರ ಮಾತು. ಟರ್ನರ್ ಅಂತ ಎರಡು ವರ್ಷ ಐ.ಟಿ.ಐ. ಓದಿದ ಹುಡುಗ ಪೀಣ್ಯಕ್ಕೆ ಹೋಗಿ ಒಂದೇ ರೂಮಿನಲ್ಲಿ ಆರು ಜನ ಮಲಗಿ ದುಡಿಯುತ್ತಾನೆ. ಅವನಿಗೆ ಊರಲ್ಲೇ ಕೆಲಸ ಕೊಡಬೇಕಾದರೆ ಮಷಿನ್ ಊರಲ್ಲಿರಬೇಕು, ಮತ್ತೆ ನಾವು ಅವನಿಗೆ ಸರಿಯಾದ ಕೂಲಿ ಕೊಡಬೇಕು. "ನಮ್ಮ ಹುಡುಗನೇ ಅಲ್ವಾ" ಅಂತ ಚಹಾ ಕುಡಿಸಿ ಕಳಿಸಿದರೆ ಆರು ತಿಂಗಳಲ್ಲಿ ಅವನು ಮತ್ತೆ ಬಸ್ಸು ಹತ್ತುತ್ತಾನೆ. ಇದು ಸರ್ಕಾರದ ಕೆಲಸವಲ್ಲ, ನಮ್ಮದು. ಐವತ್ತು ಮನೆಯವರು ವರ್ಷಕ್ಕೆ ಇಷ್ಟು ಅಂತ ಮೊದಲೇ ಕೂಡಿಹಾಕಿ ಕೊಟ್ಟರೆ ಅದೇ ಹೊಸ ಆಯ. ಕೈಕಟ್ಟಿ ಕಣದ ಮೂಲೆಯಲ್ಲಿ ನಿಂತು ಇಸಿದುಕೊಳ್ಳುವ ಆಯ ಅಲ್ಲ ಅದು, ಲೆಕ್ಕ ಬರೆದು ಸಮಸಮ ಕೂತು ಕೊಡುವ ಆಯ.

ಇನ್ನೊಂದು ಮಾತು. ಹರಿಹರ, ಬೆಂಗಳೂರಿನ ಹಳೇ ಕಾರ್ಖಾನೆಗಳಲ್ಲಿ ಕಲಿತ ಹಿರಿಯರಿಗೆ ಈಗ ಎಪ್ಪತ್ತು, ಎಂಬತ್ತು. ಬೆಡ್ ಕೆರೆಯುವ, ಬುಷ್ ಕೂರಿಸುವ ವಿದ್ಯೆ ಅವರ ಬೆರಳಲ್ಲಿದೆ. ಅವರು ಹಣ ಕೇಳುವುದಿಲ್ಲ, ಕರೆದರೆ ಸಾಕು, ಬರುತ್ತಾರೆ. ನಮ್ಮ ಹಿರಿಯರು ಮೊದಲ ದಿನ ಬಂದಾಗ ಮಷಿನಿನ ಮೇಲೆ ಕೈ ಆಡಿಸಿ ಸುಮಾರು ಹೊತ್ತು ಮಾತಾಡಲಿಲ್ಲ. ಮಷಿನನ್ನು ಗುಜರಿಯಿಂದ ಇನ್ನು ಹತ್ತು ವರ್ಷ ಬಿಟ್ಟೂ ತರಬಹುದೇನೋ. ಆ ಕೈಗಳು ಅಲ್ಲಿಯವರೆಗೆ ಇರುವುದಿಲ್ಲ.

ನಿಮ್ಮ ಸೀಮೆಯಲ್ಲಿ ಯಾರಾದರೂ ಹೀಗೆ ಹಳೇ ಲೇತ್ ಉಳಿಸಿಕೊಂಡಿದ್ದರೆ, ಅದರಲ್ಲಿ ಏನೇನು ಮಾಡಿಕೊಂಡಿದ್ದೀರಿ ಅಂತ ಪತ್ರಿಕೆಗೆ ಬರೆಯಿರಿ. ವಿ ಹಳಿಯ ಬೆಡ್ ಕೈಯಲ್ಲೇ ಕೆರೆದು ಸರಿಮಾಡಿದವರಿದ್ದರೆ ಅವರ ಅನುಭವ ನಮಗೆ ಬೇಕು. ಮುಂದಿನ ಬೇಸಿಗೆಗೆ ಪಕ್ಕದೂರಿನವರು ಒಂದು ನೋಡಿ ಬಂದಿದ್ದಾರೆ, ಅದು ವಿ ಹಳಿಯದೇ.